ಹುಳದ ಸುಲ್ತಾನಬಿ

ಕೊಳಕೂರಿನಲ್ಲಿ ಸುಲ್ತಾನಬಿ ಎಂಬ ಹೆಸರಿನವರು ಇನ್ನೂ ಒಂದಿಬ್ಬರಿದ್ದಾರೆ. ಆದರೆ ಹುಳದ ಸುಲ್ತಾನಬಿ ಅಂದರೆ ಒಬ್ಬಳೇ. ಮೊದಲು ಅವಳು ಹುಳ ಕೊಲ್ಲುವ ಕೆಲಸಕ್ಕೆ ಹೋಗುತ್ತಾಳೆಂದು ಊರು ಆ ಹೆಸರಿಟ್ಟಿತು. ಈಗ ಹುಳ ಸಾಕುತ್ತಾಳೆಂದು ಅದೇ ಹೆಸರನ್ನು ಮುಂದುವರಿಸಿದೆ. ಊರಿಗೇನು, ಹೊಸದೊಂದು ಹುಡುಕುವ ತ್ರಾಸು ತಪ್ಪಿತು.

ಅವಳ ಹಿತ್ತಲಿಗೆ ತಾಗಿಕೊಂಡಿರುವ ತೊಗರಿ ಹೊಲ ನಮ್ಮದು. ನಡುವೆ ಎದೆಮಟ್ಟದ ಒಂದು ಕಲ್ಲಿನ ಗೋಡೆ. ಹೊಲ ನೋಡುವವರು ನಮ್ಮ ಮನೆಯವರು, ಊರಿಗೆ ಜಗದೇವಪ್ಪಗೌಡರು. ನಾನು ಜಯಮಾಲಾ, ಹೊಲ ನೋಡುವವರಿಗೂ ಹೊಲದಲ್ಲಿ ದುಡಿಯುವವರಿಗೂ ರೊಟ್ಟಿ ಬಡಿಯುವವಳು. ಬಡಿದು ಬಡಿದು ಮೊಣಕೈ ಹೋಯಿತು, ಕೂತು ಎದ್ದು ಮೊಣಕಾಲು ಹೋಯಿತು. ಇದನ್ನು ಯಾಕೆ ಹೇಳುತ್ತೇನೆಂದರೆ, ನಾನು ಬಹಳ ಉತ್ಸಾಹದ ಹೆಂಗಸು ಅಂತ ಯಾರೂ ತಿಳಿಯಬಾರದು. ಹುಳ ಸಾಕುವವರನ್ನು ನೋಡಿ ಕಣ್ಣರಳಿಸುವ ಸ್ವಭಾವ ನನ್ನದಲ್ಲ.

ಸುಲ್ತಾನಬಿ ಅಫಜಲಪುರದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಇಸ್ಮಾಯಿಲ ಜೇವರ್ಗಿಗೆ ಟಂಟಂ ಆಟೋ ಓಡಿಸುತ್ತಿದ್ದ. ಅದು ಓಡಿದ ದಿನಕ್ಕಿಂತ ಕೆಟ್ಟು ನಿಂತ ದಿನವೇ ಹೆಚ್ಚು. ಹಾಗಾಗಿ ಮನೆ ನಡೆದದ್ದು ಇವಳ ರಟ್ಟೆಯ ಮೇಲೆ. ಕಳೆ, ಹತ್ತಿ ಬಿಡಿಸುವುದು, ರಾಶಿ, ಎಲ್ಲ ಕೆಲಸಕ್ಕೂ ಬರುತ್ತಿದ್ದಳು. ಆದರೆ ಅವಳಿಗೆ ಹೆಸರು ತಂದದ್ದು ತೊಗರಿ ಜಾಡಿಸುವ ಕೆಲಸ.

ತೊಗರಿ ಹೂವಾಗಿ ಕಾಯಿ ಕಟ್ಟುವ ಹೊತ್ತಿಗೆ ಕೀಡಿ ಬೀಳುತ್ತದೆ. ಹಸಿರು ದಪ್ಪ ಹುಳ, ಕಾಯಿಗೆ ತೂತು ಮಾಡಿ ತಲೆ ಒಳಗಿಟ್ಟು ಕಾಳು ತಿನ್ನುತ್ತದೆ. ಎಣ್ಣೆ ಹೊಡೆದರೂ ಕೀಡಿ ಜಗ್ಗದ ವರ್ಷಗಳಲ್ಲಿ (ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಅನ್ನುತ್ತಾರೆ) ಗಿಡ ಜಾಡಿಸಿ ಹುಳ ಉದುರಿಸುವುದೊಂದೇ ದಾರಿಯಾಗಿತ್ತು. ಒಬ್ಬಳು ಗಿಡದ ಬುಡಕ್ಕೆ ಹಳೇ ಚಾದರ ಹಿಡಿಯುತ್ತಾಳೆ, ಇನ್ನೊಬ್ಬಳು ಗಿಡ ಬಗ್ಗಿಸಿ ಜಾಡಿಸುತ್ತಾಳೆ. ಕೀಡಿಗಳು ಚಾದರದ ಮೇಲೆ ಟಪಟಪ ಬೀಳುತ್ತವೆ. ಅವನ್ನು ಬಳಿದು ಸೀಮೆಎಣ್ಣೆ ಬೆರೆಸಿದ ನೀರಿನ ಡಬ್ಬಿಗೆ ಸುರಿದು ಮುಂದಿನ ಗಿಡಕ್ಕೆ ಹೋಗಬೇಕು. ಹೆಂಗಸರ ಆ ಗುಂಪಿಗೆ ಸುಲ್ತಾನಬಿಯೇ ಮುಂದಾಳು. ಅವಳು ಜಾಡಿಸಿದ ಗಿಡದಲ್ಲಿ ಕೀಡಿ ಉಳಿಯುವುದಿಲ್ಲ ಎಂದು ಆಚೆ ಊರಿನವರೂ ಕರೆಸುತ್ತಿದ್ದರು.

ಆ ಕೆಲಸದಲ್ಲಿ ಕೈ ದಿನವಿಡೀ ಮೇಲೆಯೇ ಇರಬೇಕು. ಹಂಗಾಮು ಮುಗಿಯುವ ಹೊತ್ತಿಗೆ ತಲೆ ಬಾಚಿಕೊಳ್ಳಲು ಅವಳ ಕೈ ಏಳುತ್ತಿರಲಿಲ್ಲ. ನಮ್ಮ ಹಿತ್ತಲ ಬಾಗಿಲಿಗೆ ಬಂದು "ಅಕ್ಕಾರ, ಜರಾ ಹೆಳಲು ಹಾಕ್ತೀರೇನ್ರಿ" ಎಂದು ನನ್ನ ಮುಂದೆ ಕೂರುತ್ತಿದ್ದಳು. ನಾನು ಬೈಯುತ್ತ ಹಾಕುತ್ತಿದ್ದೆ.

ಇಸ್ಮಾಯಿಲ ಒಂದು ಬೇಸಿಗೆಯ ಮಧ್ಯಾಹ್ನ ಟಂಟಂನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅವರ ರಿವಾಜಿನಂತೆ ಸುಲ್ತಾನಬಿ ಇದ್ದತ್ತಿಗೆ ಕೂತಳು. ಗಂಡ ಸತ್ತವಳು ನಾಲ್ಕು ತಿಂಗಳಿಗೂ ಮೇಲೆ ಮನೆ ಬಿಟ್ಟು ಹೋಗುವ ಹಾಗಿಲ್ಲ. ಅಫಜಲಪುರದಲ್ಲಿ ಗಂಡನ ಮನೆಯಲ್ಲಿರುವ ಮಗಳು ಜೀನತ ಬಂದು ಇದ್ದಷ್ಟು ದಿನ ಇದ್ದು ಹೋದಳು. ಆಮೇಲೆ ಇವಳೊಬ್ಬಳೇ. ಹುಟ್ಟಿದಾಗಿನಿಂದ ಒಂದು ಕಡೆ ಕೂತು ಗೊತ್ತಿಲ್ಲದ ಹೆಂಗಸು. ಹಿತ್ತಲ ಗೋಡೆಗುಂಟ ತಾನಾಗಿ ಎದ್ದಿದ್ದ ಎಕ್ಕೆ ಗಿಡಗಳ ಮುಂದೆ ಗೋಣಿತಟ್ಟು ಹಾಸಿಕೊಂಡು ಹೊತ್ತು ಕಳೆಯುತ್ತಿದ್ದಳು.

ಮಳೆಗಾಲ ಹಿಡಿದಾಗ ಎಕ್ಕೆ ಎಲೆಯ ಮೇಲೆ ಕರಿ, ಬಿಳಿ, ಹಳದಿ ಪಟ್ಟೆಯ ಹುಳ ಕಂಡವಂತೆ. ಅಭ್ಯಾಸದ ಕೈ, ಹೊಸಕಲು ಹೋಯಿತಂತೆ. ಆಮೇಲೆ ಅವಳಿಗೇ ಅನಿಸಿತಂತೆ, ಇದು ಯಾರ ತೊಗರಿ ತಿನ್ನುತ್ತದೆ, ಎಕ್ಕೆ ತಾನೇ, ತಿನ್ನಲಿ ಎಂದು. ಬಿಟ್ಟಮೇಲೆ ನೋಡಲೇಬೇಕಾಯಿತು, ನೋಡಲು ಬೇರೆ ಏನಿತ್ತು? ಹುಳ ತಿಂದು ದಪ್ಪವಾಗಿ, ಎಲೆಯಡಿಗೆ ತಲೆಕೆಳಗಾಗಿ ಜೋತುಬಿದ್ದು, ಸಿಪ್ಪೆ ಕಳಚಿ ಹಸಿರು ಗುಂಡನೆಯ ಗೂಡಾಯಿತು. ಅದರ ಮೇಲೆ ಬಂಗಾರದ ಚುಕ್ಕೆ ಮೂಡಿದವು. ಕಡೆಗೊಂದು ಬೆಳಿಗ್ಗೆ ಅದನ್ನು ಒಡೆದುಕೊಂಡು ಕಿತ್ತಳೆ ಬಣ್ಣದ ಪಾತರಗಿತ್ತಿ ಹೊರಬಂದು ರೆಕ್ಕೆ ಒಣಗಿಸಿಕೊಳ್ಳುತ್ತ ಕೂತಿತು. ಆ ಹೊತ್ತಿಗೆ ನಾನು ಅವಳಿಗೆ ರೊಟ್ಟಿ ಪಲ್ಯ ಕೊಡಲು ಹೋಗಿದ್ದೆ. ಅವಳು ಮಾತಾಡಬೇಡವೆಂದು ಕೈ ಮಾಡಿದಳು. ಅದು ಗೋಡೆ ದಾಟಿ ಹಾರಿದ ಮೇಲೆ ಹೇಳಿದಳು:

"ಅಕ್ಕಾರ, ಇಷ್ಟು ವರ್ಷ ಹುಳ ಕೊಂದೇನಿ. ಅದು ಮುಂದ ಏನಾಗ್ತದ ಅಂತ ಒಂದ್ ದಿನಾನೂ ನಿಂತು ನೋಡಿದ್ದಿಲ್ಲರಿ."

"ತೊಗರಿ ಕೀಡಿ ಪಾತರಗಿತ್ತಿ ಆಗಂಗಿಲ್ಲಬೇ. ಅದು ಬೂದಿ ಬಣ್ಣದ ಪತಂಗ ಆಗ್ತದ" ಎಂದೆ. ನಮ್ಮ ಗೋಡೆಯ ಮೇಲಿನ ಎಣ್ಣೆ ಕಂಪನಿಯ ಕ್ಯಾಲೆಂಡರಿನಲ್ಲಿ ಅದರ ಚಿತ್ರವಿತ್ತು.

"ಏನರ ಆಗ್ತದಲ್ಲರಿ" ಅಂದಳು.

ಇದ್ದತ್ತು ಮುಗಿದ ಮೇಲೆ ಹೊರಗೆ ಹೊರಟವಳು ಮೊದಲು ಮಾಡಿದ್ದು ಗಿಡ ತರುವ ಕೆಲಸ. ನರ್ಸರಿ ಗಿಡ ಅಲ್ಲ. ನಾವು ಬದುವಿನ ಮೇಲಿಂದ ಕಿತ್ತೊಗೆಯುವ ಔಡಲ, ತಂಗಡಿ, ತುಂಬೆ. ಬಾಗಿಲ ಬಳಿ ಕರಿಬೇವು. ಒಂದೊಂದು ಜಾತಿಯ ಪಾತರಗಿತ್ತಿಗೆ ಒಂದೊಂದು ಗಿಡವಂತೆ. ಕಿತ್ತಳೆಯದಕ್ಕೆ ಎಕ್ಕೆ, ಕಂದು ಬಣ್ಣದ್ದಕ್ಕೆ ಔಡಲ, ಕಪ್ಪು ಹಳದಿಯದಕ್ಕೆ ಕರಿಬೇವು. ಜೇನು ಕುಡಿಯಲು ಯಾವ ಹೂವಿಗೂ ಹೋದಾವು, ಮೊಟ್ಟೆಯಿಡಲು ಮಾತ್ರ ತಮ್ಮ ಗಿಡವೇ ಬೇಕು. ಇದೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಗೋಣಿತಟ್ಟಿನ ಮೇಲೆ ಕೂತು ಕಂಡದ್ದು. ಅರ್ಧ ತಪ್ಪೂ ಇದ್ದೀತು.

ಹಲ್ಲಿ, ಕಣಜ ಎತ್ತಿಕೊಂಡು ಹೋಗುತ್ತವೆಂದು ಬಿದಿರ ಬುಟ್ಟಿಗೆ ಹಳೇ ಸೊಳ್ಳೆಪರದೆ ಹೊಲಿದು, ಹುಳಗಳನ್ನು ಅದರೊಳಗೆ ಬಿಟ್ಟು ಪಡಸಾಲೆಯಲ್ಲಿ ಇಟ್ಟುಕೊಂಡಳು. ಬೆಳಿಗ್ಗೆ ಎದ್ದು ಹಿಕ್ಕೆ ಬಳಿಯುವುದು, ಹೊಸ ಎಲೆ ಹಾಕುವುದು, ಆಮೇಲೆ ಕೂಲಿಗೆ ಹೊರಡುವುದು, ಸಂಜೆ ಬಂದು ಮತ್ತೆ ಎಲೆ. ಊರಬಾಗಿಲ ಅಗಸಿಯಲ್ಲಿ ಕೂತ ಗಂಡಸರಿಗೆ ಒಳ್ಳೆಯ ಮೋಜಾಯಿತು. "ಸುಲ್ತಾನಬಿ ಹುಳಕ್ಕ ಬಾಣಂತನ ಮಾಡಾಕತ್ಯಾಳ" ಎಂದು ನಗುತ್ತಿದ್ದರು. ಅವಳು ತಲೆ ಎತ್ತದೆ ಹೋಗುತ್ತಿದ್ದಳು. ಜಗಳಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಪಾತರಗಿತ್ತಿಗಳಿಂದ ಅವಳ ಬಾಳು ಬೆಳಗಿತು ಅಂತೆಲ್ಲ ನಾನು ಹೇಳುವುದಿಲ್ಲ. ಅದೇ ದಣಿದ ಮುಖ, ಅದೇ ಭುಜದ ನೋವು. ಮೊದಲು ಕೂಲಿಯಿಂದ ಬಂದು ಗೋಡೆ ನೋಡುತ್ತ ಕೂರುತ್ತಿದ್ದವಳು ಈಗ ಗಿಡ ನೋಡುತ್ತ ಕೂರುತ್ತಿದ್ದಳು, ಅಷ್ಟೆ. ಒಮ್ಮೆ ಮಾತ್ರ ಅಂದಿದ್ದಳು, "ಒಂದು ಹಾರಿದ್ ದಿನ ನಿದ್ದಿ ಛಲೋ ಬರ್ತದರಿ ಅಕ್ಕಾರ." ನನಗೆ ನಿದ್ದೆ ಬಾರದ ಕಾಯಿಲೆ. ಆ ಮಾತು ಕೇಳಿ ಹೊಟ್ಟೆಕಿಚ್ಚಾಯಿತು.

ಈ ವರ್ಷ ಊರಿಗೆ ಡ್ರೋನು ಬಂತು. ಮೊದಲೆಲ್ಲ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವವರು ನಮ್ಮೂರಿನವರೇ. ಸುಲ್ತಾನಬಿಯ ಗೋಡೆ ಬಂದಾಗ ತಾವೇ ಕೈ ಹಿಂದೆ ತೆಗೆಯುತ್ತಿದ್ದರು, ಮನೆ ಇದೆ, ಒಲೆ ಇದೆ ಎಂದು. ಈಗ ಪಂಪು ಹೊರುವವರು ಸಿಗುವುದಿಲ್ಲ. ನಮ್ಮ ಮನೆಯವರು ಜೇವರ್ಗಿಯಿಂದ ಬಾಡಿಗೆಗೆ ಡ್ರೋನು ಹೇಳಿದರು. ಅದು ಮೇಲಿಂದ ಮಂಜಿನ ಹಾಗೆ ಎಣ್ಣೆ ಬಿಟ್ಟುಕೊಂಡು ಹೋಗುತ್ತದೆ, ಗೋಡೆ ಗೀಡೆ ಅದಕ್ಕೆ ಗೊತ್ತಿಲ್ಲ. ಸುದ್ದಿ ಕೇಳಿದ ದಿನವೇ ಸುಲ್ತಾನಬಿ ನನ್ನ ಹಿತ್ತಲ ಬಾಗಿಲಿಗೆ ಬಂದಳು. ಹೆಳಲು ಹಾಕಿಸಿಕೊಳ್ಳಲು ಅಂದುಕೊಂಡು ಬಾಚಣಿಗೆ ತೆಗೆದೆ.

"ಹೆಳಲು ಬ್ಯಾಡ್ರಿ. ಗೌಡ್ರಿಗಿ ಒಂದ್ ಮಾತು ಹೇಳ್ರಿ. ನನ್ನ ಗ್ವಾಡಿಗಿ ಹತ್ತಿದ ಸಾಲಿಗೆ ಎಣ್ಣಿ ಹೊಡಸಬ್ಯಾಡಂತ."

"ಹೊಡೀದಿದ್ರ ಕೀಡಿ ತಿಂದು ಹಾಕ್ತಾವ. ಆ ಸಾಲು ಯಾರು ನೋಡ್ಬೇಕಬೇ?"

"ನಾ ನೋಡ್ತೇನಿರಿ. ಮೊದಲಿನಂಗ ಜಾಡಿಸಿ ಉದುರಿಸ್ತೇನಿ. ಕೂಲಿ ಬ್ಯಾಡ. ಕಾಯಿ ಬಲಿಯೋತನ ಒಂದ್ ಕೀಡಿ ಬಿಡಂಗಿಲ್ಲ. ಮಾತು ಕೊಡ್ತೇನಿ."

ನಮ್ಮ ಮನೆಯವರು ಕೇಳಿ ನಕ್ಕುಬಿಟ್ಟರು. "ಹುಳ ಉಳಸಾಕ ಹುಳ ಕೊಲ್ತಾಳಂತ ನೋಡು" ಅಂದರು. ಕೆಟ್ಟ ಮನುಷ್ಯರಲ್ಲ, ಒಪ್ಪಿದರು. ಆದರೆ ಹೊಲದ ಮಾತು ಬಂದಾಗ ಅವರ ಮುಖವೇ ಬೇರೆಯಾಗುತ್ತದೆ. "ಆ ಸಾಲಿನಾಗ ಕೀಡಿ ಕಂಡ್ರ ಮುಂದಿನ ಸಲ ಗ್ವಾಡಿ ತನಕ ಹೊಡಸ್ತೇನಿ, ಆಮ್ಯಾಲ ಅಳಬ್ಯಾಡಂತ ಹೇಳು." ಎಣ್ಣೆ ಎಲ್ಲಿಗೆ ನಿಲ್ಲಬೇಕೋ ಆ ಸಾಲಿನ ಗಿಡಗಳಿಗೆ ಅವಳೇ ಗುರುತು ಕಟ್ಟಲಿ, ಡ್ರೋನಿನವನಿಗೆ ಕಾಣಬೇಕು ಎಂದರು. ಸುಲ್ತಾನಬಿ ತನ್ನ ಹಳೇ ಕೆಂಪು ಸೀರೆಯನ್ನು ಹರಿದು ಚಿಂದಿ ಮಾಡಿ ಸಾಲಿನುದ್ದಕ್ಕೂ ಗಂಟು ಹಾಕಿದಳು.

ಆಮೇಲಿಂದ ದಿನಾ ಬೆಳಿಗ್ಗೆ ನಮ್ಮ ಮಾಳಿಗೆಯಿಂದ ಅವಳು ಕಾಣುತ್ತಿದ್ದಳು. ಜೊತೆಗೆ ಬರುವವರು ಯಾರೂ ಇಲ್ಲ, ಕೂಲಿಯಿಲ್ಲದ ಕೆಲಸಕ್ಕೆ ಯಾರು ಬರುತ್ತಾರೆ? ಚಾದರದ ಎರಡು ತುದಿ ಸೊಂಟಕ್ಕೆ ಕಟ್ಟಿಕೊಳ್ಳುವಳು, ಇನ್ನೆರಡು ತುದಿಯನ್ನು ಪಕ್ಕದ ಗಿಡದ ಕೊಂಬೆಗೆ ಸಿಕ್ಕಿಸುವಳು, ಜಾಡಿಸುವಳು, ಬಿಚ್ಚುವಳು, ಮುಂದಿನ ಗಿಡಕ್ಕೆ ಹೋಗಿ ಮತ್ತೆ ಸಿಕ್ಕಿಸುವಳು. ಅಷ್ಟು ಮುಗಿಸಿ ಬೇರೆಯವರ ಹೊಲಕ್ಕೆ ಕೂಲಿಗೆ. ನೋಡಿದವರಿಗೇ ಬೇಸರ ಬರಬೇಕು. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ.

ಒಂದು ದಿನ ಚಹಾ ತೆಗೆದುಕೊಂಡು ಹೋದೆ. ಚಾದರದ ಮೇಲೆ ಕೀಡಿಗಳ ನಡುವೆ ಚಿಕ್ಕ, ಚಪ್ಪಟೆ ಹುಳಗಳೂ ಇದ್ದವು. ಸುಲ್ತಾನಬಿ ಅವನ್ನು ಬೆರಳ ತುದಿಯಿಂದ ಒಂದು ಪಕ್ಕಕ್ಕೆ ಸರಿಸಿದಳು.

"ಇವು ಕೀಡಿ ಅಲ್ಲರಿ. ಸಣ್ಣ ನೀಲಿ ಪಾತರಗಿತ್ತಿ ಇರ್ತಾವಲ್ಲ, ಅದರ ಮರಿ."

"ಇವೂ ತೊಗರಿ ತಿಂತಾವೇನು?"

"ತಿಂತಾವರಿ. ಕಾಯಿನೇ ತಿಂತಾವ."

ನಾನು ಸುಮ್ಮನೆ ಕೇಳಿದ್ದೆ, ಅದರಲ್ಲಿ ಏನೂ ಇರಲಿಲ್ಲ. ಅವಳು ಮಾತ್ರ ಸ್ವಲ್ಪ ಹೊತ್ತು ಅವನ್ನೇ ನೋಡುತ್ತ ನಿಂತಳು. ಆಮೇಲೆ ಅವನ್ನೂ ಬಳಿದು ಡಬ್ಬಿಗೆ ಹಾಕಿದಳು.

"ಒಂದ್ನಾಲ್ಕು ಮನಿಗಿ ಒಯ್ದಿದ್ರ ಗೌಡ್ರಿಗೇನು ಗೊತ್ತಾಗ್ತಿತ್ತು?" ಎಂದೆ.

"ಮನಿಗಿ ಒಯ್ದ್ರ ಅವಕ್ಕ ತೊಗರಿಕಾಯಿನೇ ಹಾಕ್ಬೇಕು. ನಿಮ್ಮ ಹೊಲದ್ದು. ಒಂದೂ ಬಿಡಂಗಿಲ್ಲಂತ ಮಾತು ಕೊಟ್ಟೇನಲ್ಲರಿ." ಚಹಾ ಕುಡಿದು ಲೋಟ ತೊಳೆದುಕೊಟ್ಟಳು.

ಮೊದಲ ಸಲ ಡ್ರೋನು ಬಂದಾಗ ಎಲ್ಲ ಹೇಳಿದ ಹಾಗೇ ನಡೆಯಿತು. ಕೆಂಪು ಚಿಂದಿ ಕಂಡಲ್ಲಿ ಅದು ತಿರುಗಿತು. ಸುಲ್ತಾನಬಿ ಗೋಡೆಯಿಂದ ಗಿಡಗಳ ಮೇಲೆ ಹಳೇ ಚಾದರ, ಸೀರೆ ಎಲ್ಲ ಹೊದಿಸಿ ಕಾವಲು ನಿಂತಿದ್ದಳು. ಒಂದು ಹುಳವೂ ಸಾಯಲಿಲ್ಲ. ಇವಳ ಸಾಲಿನಲ್ಲಿ ಕೀಡಿಯೂ ಇರಲಿಲ್ಲ. ನಮ್ಮ ಮನೆಯವರು ಹೋಗಿ ಕಾಯಿ ಬಿಡಿಸಿ ಬಿಡಿಸಿ ನೋಡಿ ಬಂದು, "ಆಕೀ ಕೈ ಕೈನೇ" ಅಂದರು.

ಎರಡನೆಯ ಸಲದ ಹಿಂದಿನ ದಿನ ನನ್ನ ನಾದಿನಿ ಸುಭದ್ರಾಬಾಯಿ ಬಂದಳು. ನಮ್ಮ ಮನೆಯವರ ಅಕ್ಕ, ಆಳಂದದಲ್ಲಿ ಗಂಡನ ತೊಗರಿ ವ್ಯಾಪಾರ. ಗಾಣಗಾಪುರಕ್ಕೆ ಹೋಗಿದ್ದವಳು ಚೌಡಾಪುರ, ಕಲಬುರಗಿ, ಜೇವರ್ಗಿ ಎಂದು ಬಸ್ಸು ಬದಲಿಸಿ ತಮ್ಮನನ್ನು ನೋಡಿಕೊಂಡು ಹೋಗಲು ಬಂದಿದ್ದಳು. ಗಾಣಗಾಪುರದಲ್ಲಿ ದೆವ್ವ ಹಿಡಿದವರು ಗುಡಿಯ ಕಂಬ ಏರುವುದನ್ನು ಕಣ್ಣಾರೆ ನೋಡಿ ಬಂದಿದ್ದಳು, ಬಂದಾಗಿನಿಂದ ಅದೇ ಮಾತು. ಮಧ್ಯಾಹ್ನ ನಾನು ಒಲೆಯ ಮುಂದಿದ್ದಾಗ, ಹಸಿ ತೊಗರಿಕಾಯಿ ತರುತ್ತೇನೆಂದು ಒಬ್ಬಳೇ ಹೊಲಕ್ಕೆ ಹೋದಳು. ತವರಿನ ಹೊಲದ ಕಾಯಿ ಕುದಿಸಿ ತಿನ್ನದೆ ಅವಳು ಯಾವತ್ತೂ ತಿರುಗಿ ಹೋದವಳಲ್ಲ.

ಬಂದಾಗ ಕೈಯಲ್ಲಿ ಕಾಯಿ ಇರಲಿಲ್ಲ, ಮುಖ ಬಿಳಿಚಿತ್ತು. ಬಚ್ಚಲಿಗೆ ಹೋಗಿ ಮತ್ತೆ ಮೈ ತೊಳೆದಳು. ಸಂಜೆ ತಮ್ಮನನ್ನು ಕೂರಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಯಾಕೆಂದು ಕೇಳಿದರೆ, "ನೀ ಸುಮ್ನಿರು, ಹೇಳಬಾರ್ದು" ಅಂದಳು. ಅಕ್ಕನ ಕಕ್ಕುಲಾತಿ ಎಂದು ನಾನೂ ಬಿಟ್ಟುಬಿಟ್ಟೆ.

ಮರುದಿನ ಡ್ರೋನು ಬಂತು. ಸುಲ್ತಾನಬಿ ಊರಲ್ಲಿರಲಿಲ್ಲ. ಒಬ್ಬಳೇ ಜಾಡಿಸಿ ಜಾಡಿಸಿ ಭುಜ ಹಿಡಿದುಹೋಗಿ, ಆ ಬೆಳಿಗ್ಗೆ ಸಾಲಿಗೂ ಇಳಿಯದೆ, ಸೂಜಿ ಮಾಡಿಸಿಕೊಳ್ಳಲು ಜೇವರ್ಗಿಗೆ ಹೋಗಿದ್ದಳು. ಹೋಗುವಾಗ ಗಿಡಗಳ ಮೇಲೆ ಏನೂ ಹೊದಿಸಿರಲಿಲ್ಲ. ಮೊದಲ ಸಲ ಚಿಂದಿಯ ಹತ್ತಿರವೇ ನಿಂತಿತಲ್ಲ ಎಂಬ ಭರವಸೆ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯವರು ಹೊಲದಿಂದ ಬಂದು ಕಾಲು ತೊಳೆದುಕೊಳ್ಳುತ್ತ, "ಪೂರಾ ಮುಗೀತು" ಅಂದರು.

"ಪೂರಾ ಅಂದ್ರ? ಚಿಂದಿ ತನಕ ಅಲ್ಲೇನ್ರಿ?"

"ಚಿಂದಿ ಎಲ್ಲೀವು? ಅವಾ ಡ್ರೋನಿನವ ಫೋನ್ ಮಾಡಿ, ಇಲ್ಲಿ ಕೆಂಪಂದು ಏನೂ ಕಾಣ್ಸಂಗಿಲ್ಲರಿ ಅಂದ. ನಾ ಆಚೀ ಬದಿಗಿದ್ನಿ. ಆಕೀಗೂ ವಯಸ್ಸಾತು, ಬ್ಯಾಸತ್ತು ಬಿಚ್ಚಿರ್ಬೇಕು ಅಂತ ತಿಳದು ಹೊಡಿ ಅಂದ್ನಿ."

ಅವರು ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಯಾರಾದರೂ ಎಂದೋ ಬೇಸತ್ತು ಬಿಟ್ಟುಬಿಡುವ ಕೆಲಸ ಅದು. ಆದರೆ ಸುಲ್ತಾನಬಿ ಬಿಟ್ಟಿರಲಿಲ್ಲ, ಅದು ನನಗೆ ಗೊತ್ತಿತ್ತು. ನಾನು ದನಿ ಏರಿಸಿದೆ. ನಡುಮನೆಯಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದ್ದ ಸುಭದ್ರಕ್ಕ ಎದ್ದು ಬಾಗಿಲಿಗೆ ಬಂದು ನಿಂತಳು.

"ಆ ಕೆಂಪು ಚಿಂದಿ ಏನದು?" ಎಂದು ಕೇಳಿದಳು.

ಹೇಳಿದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಯವ್ವಾ, ನಾನೇ ಬಿಚ್ಚಿದ್ನಿ. ಹರಿದ ಸೀರಿ, ಸಾಲಿಗೆಲ್ಲ ಗಂಟು ಹಾಕ್ಯಾರ, ನನ್ನ ತಮ್ಮನ ಹೊಲಕ್ಕ ಯಾರೋ ಮಾಟ ಮಾಡ್ಯಾರ ಅಂದ್ಕೊಂಡ್ನಿ. ಎಲ್ಲಾ ಬಿಚ್ಚಿ ಬದುವಿನ ಮ್ಯಾಲ ಸುಟ್ಟ್ನಿ. ಬಾಯಿಬಿಟ್ಟು ಹೇಳಿದ್ರ ಅದು ಮನಿಗಿ ಬರ್ತದ ಅಂತಾರ, ಅದಕ್ಕ ಹೇಳಲಿಲ್ಲ."

ಚಪ್ಪಲಿ ಮೆಟ್ಟಿಕೊಂಡು ಸುಲ್ತಾನಬಿಯ ಮನೆಗೆ ನಡೆದೆ. ಅವಳು ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಭುಜಕ್ಕೆ ಹತ್ತಿ ಅಂಟಿಸಿಕೊಂಡು, ಒಂದೇ ಕೈಯಲ್ಲಿ ಪರದೆಯ ಬುಟ್ಟಿ ಮುಚ್ಚುತ್ತಿದ್ದಳು.

"ಬರ್ರಿ ಅಕ್ಕಾರ. ಇಡೀ ದಿನ ಉಪವಾಸ ಇದ್ದುವು. ಈಗಷ್ಟೇ ಕತ್ತಲದಾಗ ಎಕ್ಕಿ ಎಲಿ ಹರಕೊಂಡು ಬಂದು ಹಾಕೇನಿ, ಹೆಂಗ ತಿನ್ನಾಕತ್ತಾವ ನೋಡ್ರಿ" ಅಂದಳು.

ನನ್ನ ಜೀವನದಲ್ಲಿ ಅಷ್ಟು ಕಷ್ಟದ ಮಾತನ್ನು ನಾನು ಆಡಿದ್ದಿಲ್ಲ. ಹೇಳಿದೆ. ಅವಳು ಬುಟ್ಟಿ ಬಿಚ್ಚಿ ಎಲೆಗಳನ್ನು ಎಳೆದು ಹಾಕಿದಳು. ಹುಳಗಳನ್ನು ಒಂದೊಂದಾಗಿ ಒದ್ದೆ ಬಟ್ಟೆಯ ಮೇಲೆ ಇಟ್ಟಳು. ಅವಳಿಗೆ ಬಲಗೈ ಏಳುತ್ತಿರಲಿಲ್ಲ, ನಾನು ಹುಳ ಎತ್ತಿಕೊಟ್ಟೆ. ಹುಳ ಮುಟ್ಟಿದ್ದು ಅದೇ ಮೊದಲು. ತಣ್ಣಗಿದ್ದವು, ಮೆತ್ತಗಿದ್ದವು, ನನಗೆ ಅಸಹ್ಯವೇನೂ ಆಗಲಿಲ್ಲ.

"ಚಿಂದಿ ಯಾರ ಬಿಚ್ಚಿದ್ರರಿ?"

"ನಮ್ಮ ನಾದಿನಿ. ಮಾಟ ಅಂತ ತಿಳಕೊಂಡು."

ಸುಲ್ತಾನಬಿ ಕೆಲಸ ನಿಲ್ಲಿಸಲಿಲ್ಲ. ಒಣ ನಗೆ ನಕ್ಕಳು. "ನನ್ನ ಸೀರಿ ಚಿಂದಿಗಿ ಅಷ್ಟು ತಾಕತ್ ಇತ್ತೇನ್ರಿ" ಅಂದಳು.

ಬೆಳಿಗ್ಗೆ ಹೊತ್ತಿಗೆ ಬುಟ್ಟಿಯೊಳಗಿನವು ಎಲ್ಲವೂ ಹೋಗಿದ್ದವು. ಹಿತ್ತಲಿನಲ್ಲಿ ಎಕ್ಕೆ, ಔಡಲದ ಎಲೆಗಳಿಂದ ಹುಳಗಳು ಕರಿ ದಾರದಂತೆ ಜೋತುಬಿದ್ದಿದ್ದವು. ತುಂಬೆ ಹೂವಿನ ಕೆಳಗೆ ಪಾತರಗಿತ್ತಿಗಳು ಬಿದ್ದಿದ್ದವು, ಕೆಲವು ಇನ್ನೂ ರೆಕ್ಕೆ ಅಲುಗಿಸುತ್ತಿದ್ದವು. ಸುಭದ್ರಕ್ಕ ತಪ್ಪಾಯಿತೆಂದು ಹೇಳಿಬರುತ್ತೇನೆ ಎಂದು ಹೋದವಳು ಹಿತ್ತಲ ಬಾಗಿಲಲ್ಲೇ ನಿಂತು ನೆಲ ನೋಡಿದಳು. ಒಳಗೆ ಕಾಲಿಡಲು ಜಾಗವಿರಲಿಲ್ಲ. "ತಮ್ಮನ ಹೊಲ ಕಾಯ್ಬೇಕಂತ ಮಾಡಿದ್ನೆವ್ವಾ" ಎಂದಷ್ಟೇ ಅಂದು ತಿರುಗಿ ಬಂದಳು. ಉಣ್ಣದೆ ಆಳಂದಕ್ಕೆ ಹೊರಟುಹೋದಳು. ಸುಲ್ತಾನಬಿ ಸತ್ತವನ್ನೆಲ್ಲ ಮೊರಕ್ಕೆ ಬಳಿದು ಎಕ್ಕೆಯ ಬುಡದಲ್ಲಿ ಮಣ್ಣು ಮಾಡಿದಳು.

ನಮ್ಮ ಮನೆಯವರು ಆ ದಿನ ಸಂಜೆ ನನ್ನ ಹತ್ತಿರ ಬಂದು, "ಆಕೀಗಿ ಹೇಳು, ಇನ್ನ ಜಾಡಸೂದು ಬ್ಯಾಡಂತ. ಆರಾಮ್ ಮಾಡ್ಲಿ" ಅಂದರು. ತಾವೇ ಹೋಗಿ ಹೇಳುವ ಧೈರ್ಯವಿರಲಿಲ್ಲ. ಹೇಳುವ ಕೆಲಸವೆಲ್ಲ ಈ ಮನೆಯಲ್ಲಿ ನನ್ನದೇ.

ಮಾರನೆಯ ಬೆಳಿಗ್ಗೆ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲು ಹೋದಾಗ ನೋಡಿದರೆ, ಸುಲ್ತಾನಬಿ ಗೋಡೆ ಪಕ್ಕದ ಸಾಲಿನಲ್ಲಿದ್ದಳು. ಸೊಂಟಕ್ಕೆ ಚಾದರ, ಹತ್ತಿರ ಡಬ್ಬಿ. ಬಲಗೈ ಏಳದ್ದಕ್ಕೆ ಎಡಗೈಯಿಂದ ಗಿಡ ಜಾಡಿಸುತ್ತಿದ್ದಳು. ತಲೆ ಬಾಚಿರಲಿಲ್ಲ, ಕೂದಲು ಮುಖದ ಮೇಲೆ ಬೀಳುತ್ತಿತ್ತು. ನನಗೆ ಎಷ್ಟು ಸಂಕಟವಾಯಿತೆಂದರೆ, ಬುಟ್ಟಿಯಲ್ಲಿದ್ದ ಬಟ್ಟೆ ಹಾಗೇ ಬಿಟ್ಟು ಮೆಟ್ಟಿಲಿಳಿದು ಹೊಲಕ್ಕೆ ಹೋದೆ.

"ನಿಂಗೇನು ಹುಚ್ಚೇನಬೇ? ಇನ್ನ ಯಾಕ ಜಾಡಸ್ತಿ? ಎಲ್ಲಾ ಹೋಯ್ತಲ್ಲ. ಗೌಡ್ರೂ ಬ್ಯಾಡಂದಾರ."

"ಕಾಯಿ ಬಲಿಯೋತನ ಅಂತ ಮಾತು ಕೊಟ್ಟೇನಿರಿ" ಅಂದಳು. "ನಿಮ್ಮ ಕಡಿಂದ ಏನಾತು ಅದು ನಿಮಗ ಬಿಟ್ಟದ್ದು. ನನ್ನ ಮಾತು ನಂದೇ ಅಲ್ಲೇನ್ರಿ."

ಬೈದು ಕೇಳುವವಳಲ್ಲ. ನಾನು ಕೊಂಬೆಗೆ ಸಿಕ್ಕಿಸಿದ್ದ ಚಾದರದ ತುದಿಗಳನ್ನು ಬಿಡಿಸಿ ಕೈಯಲ್ಲಿ ಹಿಡಿದುಕೊಂಡೆ. ಅವಳು ಒಮ್ಮೆ ನನ್ನ ಮುಖ ನೋಡಿದಳು. ಜಾಡಿಸಿದಳು. ಹಳದಿ ಹೂ ಉದುರಿದವು, ಒಣಗಿದ ಎಲೆ ಉದುರಿದವು, ಹುಳವಿಲ್ಲ. ಮುಂದಿನ ಗಿಡ, ಅದರ ಮುಂದಿನ ಗಿಡ, ಏನೂ ಇಲ್ಲ. ಎಣ್ಣೆ ಬಿದ್ದ ಹೊಲದಲ್ಲಿ ಏನಿರುತ್ತದೆ? ಆದರೂ ಅವಳು ಒಂದು ಗಿಡವನ್ನೂ ಬಿಡಲಿಲ್ಲ. ಮೊಣಕಾಲು ಬಗ್ಗಿಸಿಕೊಂಡು ನಾನೂ ಚಾದರ ಎಳೆದುಕೊಂಡು ಹಿಂದೆ ಹಿಂದೆ ನಡೆದೆ.

ಸಾಲಿನ ಕೊನೆಯ ಹತ್ತಿರ ಒಂದು ಕಾಯಿ ಕಳಚಿ ಚಾದರದ ಮೇಲೆ ಬಿತ್ತು. ಅದರ ತೂತಿನಿಂದ ಸಣ್ಣ ಚಪ್ಪಟೆ ಹುಳವೊಂದು ಮೆಲ್ಲಗೆ ತೆವಳಿ ಹೊರಬಂತು. ಕಾಯಿಯೊಳಗೆ ಅವಿತಿದ್ದುದರಿಂದ ಉಳಿದುಕೊಂಡಿತ್ತೇನೋ. ಸುಲ್ತಾನಬಿ ಅದನ್ನು ಬೆರಳಿನಿಂದೆತ್ತಿ ಡಬ್ಬಿಯ ಮೇಲೆ ಹಿಡಿದಳು.

"ತಡಿಬೇ. ಅದು ನೀಲೀದಲ್ಲೇನು?" ಎಂದೆ.

"ಹೌದ್ರಿ."

"ಮತ್ತ ಬಿಡು."

"ತೊಗರಿ ತಿಂತದರಿ."

"ತಿನ್ನಲಿ. ಈ ಹೊಲ ನಂದೂ ಅದ. ಗೌಡ್ರಿಗಿ ಕೊಟ್ಟ ಮಾತು ಗೌಡ್ರ ಹತ್ರ ಇರ್ಲಿ, ನಾ ಹೇಳಾಕತ್ತೇನಿ, ಇದು ನಮ್ಮ ತೊಗರಿ ತಿನ್ನಲಿ."

ಮದುವೆಯಾಗಿ ಬಂದಾಗಿನಿಂದ ಆ ಹೊಲ ನನ್ನದು ಎಂದು ನಾನು ಬಾಯಿಬಿಟ್ಟು ಅಂದದ್ದು ಅದೇ ಮೊದಲು. ಸುಲ್ತಾನಬಿ ಹುಳವನ್ನು ಅದೇ ಕಾಯಿಯ ಮೇಲೆ ಬಿಟ್ಟು, ಪಕ್ಕದ ಗಿಡದಿಂದ ಇನ್ನೆರಡು ಹಸಿ ಕಾಯಿ ಕಿತ್ತು ಜೊತೆಗಿಡಲು ಕೈ ಚಾಚಿದಳು. ಎಣ್ಣೆ ಬಿದ್ದ ಕಾಯಿ ಎಂದು ನೆನಪಾಗಿ ಕೈ ಹಿಂದೆ ತೆಗೆದಳು.

"ನಮ್ಮ ಹಿತ್ತಲದಾಗ ಎರಡು ತೊಗರಿ ಗಿಡ ಅದಾವ, ಎಣ್ಣಿ ಕಂಡಿಲ್ಲ. ಅದರ ಕಾಯಿ ಕೊಡ್ತೇನಿ, ದಿನಾ ಬಂದು ಹರಕೊಂಡು ಹೋಗು" ಎಂದೆ.

ಅವಳು ಸೆರಗಿನ ತುದಿಯಲ್ಲಿ ಹುಳವಿದ್ದ ಕಾಯಿಯನ್ನು ಸಡಿಲವಾಗಿ ಕಟ್ಟಿಕೊಂಡಳು. ಸೊಂಟದಿಂದ ಚಾದರ ಬಿಚ್ಚಿದಳು. ಸಾಲಿನಲ್ಲಿ ಇನ್ನೂ ನಾಲ್ಕಾರು ಗಿಡ ಉಳಿದಿದ್ದವು. ಅವಳು ಬದುವಿನ ಮೇಲೆ ಕೂತು, ಏಳುವ ಒಂದು ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಕೆಲಸ ಅರ್ಧಕ್ಕೆ ಬಿಟ್ಟು ಸುಲ್ತಾನಬಿ ನಮ್ಮ ಹೊಲದಲ್ಲಿ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನಾನೂ ಅವಳ ಹಿಂದೆ ಕೂತು ಕೂದಲು ಸರಿಮಾಡಿ ಹೆಳಲು ಹಾಕತೊಡಗಿದೆ. ನನ್ನ ಮೊಣಕಾಲು ನೋಯುತ್ತಿತ್ತು. ಏಳುವ ಅವಸರ ಇಬ್ಬರಿಗೂ ಇರಲಿಲ್ಲ.